ಬೆಟ್ಟ ಏಕೆ ಹುತ್ತವಾಯಿತು?
(ಅತಿವಿಶಾಲಕೋನ ಮಸೂರದ ಆಯ್ಕೆಯನ್ನು ಕುರಿತು)

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಛಾಯಾಗ್ರಹಣದ ಹವ್ಯಾಸವುಳ್ಳವರಿಗೆ ಇನ್ನೊಂದು ಅನುಭವವೂ ಉಂಟು: ದೂರದ ಬೆಟ್ಟ ಕಣ್ಣಿಗೆ ದೊಡ್ಡದು, ಚಿತ್ರದಲ್ಲಿ ಚಿಕ್ಕದು.

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬೆಟ್ಟವನ್ನು ನೋಡದವರು ನಮ್ಮಲ್ಲಿ ವಿರಳ. ಸಮುದ್ರಮಟ್ಟದಿಂದ 4,389 ಅಡಿ ಎತ್ತರದ ಈ ಬೆಟ್ಟ ಬಯಲಿನ ನಡುವೆ ಶಂಕುವಿನಂತೆ ಎದ್ದು ನಿಂತಿದೆ. ನೆತ್ತಿಯ ಮೇಲೆ ಸಿಡಿಲು ಮಲ್ಲಿಕಾರ್ಜುನಸ್ವಾಮಿಯ ಗುಡಿ. ಇದರ ಪೂರ್ಣ ವೈಭವವನ್ನು ಸೆರೆಹಿಡಿಯಬೇಕೆಂಬ ಆಸೆಯಿಂದ ಗೆಳೆಯನೊಬ್ಬನ ಅತಿವಿಶಾಲಕೋನ ಮಸೂರವನ್ನು ಎರವಲು ತಂದು, ದೂರದ ಹೊಲದ ಬದುವಿನಿಂದ ಚಿತ್ರ ತೆಗೆದೆ. ಅದನ್ನು ಮನೆಯಲ್ಲಿ ತೋರಿಸಿದಾಗ ನನ್ನ ತಾಯಿ, "ಈ ಹುತ್ತ ಎಲ್ಲಿಯದಪ್ಪಾ?" ಎಂದು ಕೇಳಿದರು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ತಿಳಿದುಕೊಂಡ ಸಂಗತಿಗಳನ್ನು ಇಲ್ಲಿ ಹೇಳಲುದ್ದೇಶಿಸಿದ್ದೇನೆ. ಇಂತಹ ಮಸೂರಕ್ಕಾಗಿ ಹಣ ಕೂಡಿಸುತ್ತಿರುವ ಮಿತ್ರರಿಗೆ ಇದು ಪ್ರಯೋಜನವಾದೀತು.

ಮೊದಲು ಕ್ಯಾಮರಾದ ವಿಷಯ. ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟು 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಅಷ್ಟೇ ಅಳತೆಯ ಸೆನ್ಸರ್ ಉಳ್ಳ ಕ್ಯಾಮರಾವನ್ನು ಫುಲ್‌ಫ್ರೇಮ್ ಎನ್ನುತ್ತಾರೆ. ವಿದ್ಯಾರ್ಥಿಗಳ ಕೈಗೆಟುಕುವ ಕ್ರಾಪ್ ಸೆನ್ಸರ್ ಕ್ಯಾಮರಾಗಳಲ್ಲಿ ಈ ಅಳತೆ ಸುಮಾರು 23.5 ಮತ್ತು 15.6 ಮಿ.ಮೀ. ಮಾತ್ರ, ಕ್ಯಾನನ್‌ನವು ಇನ್ನೂ ತುಸು ಚಿಕ್ಕವು. ಮಸೂರ ಮೂಡಿಸುವ ಬಿಂಬದ ನಡುಭಾಗವಷ್ಟೇ ಇಲ್ಲಿ ದಾಖಲಾಗುವುದರಿಂದ ನೋಟ ಕಿರಿದಾಗುತ್ತದೆ. ಮಸೂರದ ಸಂಗಮದೂರವನ್ನು 1.5ರಿಂದ, ಕ್ಯಾನನ್ ಆದರೆ 1.6ರಿಂದ, ಗುಣಿಸಿದರೆ ಫುಲ್‌ಫ್ರೇಮಿನಲ್ಲಿ ಅಷ್ಟೇ ನೋಟ ಕೊಡುವ ಸಂಗಮದೂರ ದೊರೆಯುತ್ತದೆ. ಫುಲ್‌ಫ್ರೇಮಿನಲ್ಲಿ ಅತಿವಿಶಾಲವೆನಿಸುವ 16 ಮಿ.ಮೀ. ಮಸೂರ ನಮ್ಮ ಕ್ಯಾಮರಾದಲ್ಲಿ 24 ಮಿ.ಮೀ.ಗೆ ಸಮನಾಗಿ ಸಾಧಾರಣ ವಿಶಾಲಕೋನಕ್ಕೆ ಇಳಿಯುತ್ತದೆ. ಆದಕಾರಣ ದುಬಾರಿಯ ಫುಲ್‌ಫ್ರೇಮ್ ಮಸೂರಕ್ಕಿಂತ ಕ್ರಾಪ್ ಸೆನ್ಸರಿಗೆಂದೇ ರಚಿಸಿದ 10 ಅಥವಾ 11 ಮಿ.ಮೀ.ನಿಂದ ಆರಂಭವಾಗುವ ಮಸೂರವೇ ನಮಗೆ ತಕ್ಕುದು.

ಕ್ಯಾಮರಾದ ಜೊತೆಗೇ ಬರುವ 18-55 ಮಿ.ಮೀ. ಮಸೂರ 18ರಲ್ಲಿ ಅಡ್ಡಲಾಗಿ ಸುಮಾರು 66 ಡಿಗ್ರಿ ನೋಟ ಕೊಡುತ್ತದೆ, 10 ಮಿ.ಮೀ. ಮಸೂರ ಸುಮಾರು 99 ಡಿಗ್ರಿ. ಆದರೆ ನೋಟ ಹಿಗ್ಗಿದಂತೆ ವಸ್ತು ಕುಗ್ಗಬೇಕಷ್ಟೆ. ಬಯಲಿನಿಂದ 400 ಮೀಟರ್ ಮೇಲೆದ್ದ ಬೆಟ್ಟವನ್ನು 3 ಕಿ.ಮೀ. ದೂರದಿಂದ ನೋಡುತ್ತೇವೆಂದು ಇಟ್ಟುಕೊಳ್ಳೋಣ. ಸೆನ್ಸರಿನ ಮೇಲೆ ಅದರ ಎತ್ತರ 10 ಮಿ.ಮೀ. ಮಸೂರದಿಂದ 1.3 ಮಿ.ಮೀ., 18ರಿಂದ 2.4, 55ರಿಂದ 7.3. ಎಂದರೆ ಅತಿವಿಶಾಲ ಮಸೂರದಲ್ಲಿ ಬೆಟ್ಟ ಚೌಕಟ್ಟಿನ ಎತ್ತರದ 12ರಲ್ಲೊಂದು ಪಾಲು; 55ರಲ್ಲಿ ಹೆಚ್ಚುಕಡಿಮೆ ಅರ್ಧ! ಹುತ್ತದ ರಹಸ್ಯ ಇದೇ. ದೂರದ ಬೆಟ್ಟಕ್ಕೆ ಬೇಕಾದ ಮಸೂರ ನನ್ನ ಚೀಲದಲ್ಲೇ ಇತ್ತು. ನಾನು ಎರವಲು ತಂದದ್ದು ಬೇರೆಯದನ್ನು.

ಹಾಗಾದರೆ ಅತಿವಿಶಾಲ ಮಸೂರ ವ್ಯರ್ಥವೆ? ಖಂಡಿತ ಅಲ್ಲ. ಎಲ್ಲವನ್ನೂ ತುಂಬಿಕೊಳ್ಳುವುದು ಅದರ ಧರ್ಮವಲ್ಲ. ಹತ್ತಿರದ್ದನ್ನು ಹಿರಿದುಮಾಡುವುದು ಅದರ ಧರ್ಮ. ತೆನೆಗೊಂಡ ರಾಗಿಯ ಮುಂದೆ, ಹೊಗೆಸೊಪ್ಪಿನ ಸಾಲಿನ ನಡುವೆ, ಬೆಟ್ಟದ ಮೆಟ್ಟಿಲ ಪಕ್ಕದ ಬಂಡೆಯ ಬಳಿ ಮೊಣಕಾಲೂರಿ ಕುಳಿತು, ಮುಂದಿನ ವಸ್ತುವಿಗೆ ಎರಡಡಿ ಸಮೀಪ ಹೋಗಬೇಕು. ಆಗ ತೆನೆಯಿಂದ ಶಿಖರದವರೆಗೆ ಭೂಮಿ ಹರಡಿಕೊಂಡಂತೆ ಕಾಣುತ್ತದೆ. 10 ಮಿ.ಮೀ.ನಲ್ಲಿ ರಂಧ್ರವನ್ನು ಎಫ್/8ಕ್ಕೆ ಇಟ್ಟು ಸುಮಾರು ಎರಡಡಿ ದೂರಕ್ಕೆ ಫೋಕಸ್ ಮಾಡಿದರೆ, ಒಂದಡಿಯ ಆಚೆಯಿಂದ ದಿಗಂತದವರೆಗೆ ಎಲ್ಲವೂ ಸಾಕಷ್ಟು ಸ್ಪಷ್ಟ. ಕ್ಯಾಮರಾವನ್ನು ಮಾತ್ರ ಮೇಲಕ್ಕೆ ಓರೆ ಮಾಡಬಾರದು. ಮಾಡಿದರೆ ಗುಡಿಯ ಕಂಬಗಳು ಒಳಕ್ಕೆ ವಾಲುತ್ತವೆ.

ಇನ್ನು ಆಯ್ಕೆ. ಹಗಲಿನ ನಿಸರ್ಗ ಚಿತ್ರಗಳನ್ನು ಸಾಮಾನ್ಯವಾಗಿ ಎಫ್/8, ಎಫ್/11ರಲ್ಲೇ ತೆಗೆಯುವುದರಿಂದ ದೊಡ್ಡ ರಂಧ್ರಕ್ಕಾಗಿ ಹೆಚ್ಚು ಹಣ ತೆರಬೇಕಿಲ್ಲ. 2014ರಲ್ಲಿ ಬಂದ ಕ್ಯಾನನ್ 10-18 ಮಿ.ಮೀ. ಮಸೂರದ ತೂಕ 240 ಗ್ರಾಂ. 2017ರಲ್ಲಿ ಬಂದ ನಿಕಾನ್ 10-20ರದು 230 ಗ್ರಾಂ. ಸಾವಿರಾರು ಮೆಟ್ಟಿಲು ಹತ್ತುವವನಿಗೆ ಈ ಹಗುರ ಸಣ್ಣ ಉಪಕಾರವಲ್ಲ. ಈ ನಿಕಾನ್ ಮಸೂರ ಹಳೆಯ ಕೆಲವು ಕ್ಯಾಮರಾಗಳಿಗೆ ಹೊಂದುವುದಿಲ್ಲ, ವಿಚಾರಿಸಿಯೇ ಕೊಳ್ಳಬೇಕು. ನಕ್ಷತ್ರಗಳ ಚಿತ್ರ ತೆಗೆಯುವ ಹಂಬಲವಿದ್ದರೆ ಮಾತ್ರ ಟೋಕಿನಾ 11-16ರಂತಹ ಎಫ್/2.8 ಮಸೂರ ಸಾರ್ಥಕ; ಅದು ಎಫ್/4.5ಕ್ಕಿಂತ ಸುಮಾರು ಎರಡೂವರೆ ಪಟ್ಟು ಬೆಳಕನ್ನು ಒಳಬಿಡುತ್ತದೆ.

ಕೊಳ್ಳುವ ಮುನ್ನ ಒಂದು ಪರೀಕ್ಷೆ. ಪ್ರತಿಯೊಂದು ಚಿತ್ರದೊಡನೆ ಅದರ ಸಂಗಮದೂರವನ್ನೂ ಕ್ಯಾಮರಾ ಬರೆದಿಡುತ್ತದೆ. ನಿಮ್ಮ ಹಿಂದಿನ ಚಿತ್ರಗಳನ್ನು ತೆರೆದು ನೋಡಿ. ಹೆಚ್ಚಿನವು 18ರಲ್ಲೇ ಇದ್ದು, ಹತ್ತಿರದ ವಸ್ತುವನ್ನು ಮುಂದಿಟ್ಟು ತೆಗೆದಿದ್ದರೆ ಅತಿವಿಶಾಲ ಮಸೂರ ನಿಮಗೆ ಬೇಕು. ದೂರದ ಸಾಲುಬೆಟ್ಟಗಳೇ ನಿಮಗೆ ಪ್ರಿಯವಾದರೆ ಬೇಡ. ಇರುವ ಮಸೂರದಿಂದಲೇ ಕ್ಯಾಮರಾವನ್ನು ನೆಟ್ಟಗೆ ಹಿಡಿದು, ಒಂದರ ಅಂಚು ಇನ್ನೊಂದರೊಳಗೆ ಸೇರುವಂತೆ ಐದಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿದರೆ ವಿಶಾಲ ನೋಟವೂ ಉಳಿಯುತ್ತದೆ, ಬೆಟ್ಟದ ಘನತೆಯೂ ಉಳಿಯುತ್ತದೆ, ಹಣವೂ ಉಳಿಯುತ್ತದೆ.

ನಾನು ಅದೇ ಬದುವಿಗೆ ಮರಳಿ ಹೋಗಿ 55ರಲ್ಲಿ ಇನ್ನೊಂದು ಚಿತ್ರ ತೆಗೆದೆ. ಅದನ್ನು ನೋಡಿ ನನ್ನ ತಾಯಿ ಏನನ್ನೂ ಕೇಳಲಿಲ್ಲ. ನೆತ್ತಿಯ ಗುಡಿಯನ್ನು ಗುರುತಿಸಿ ಕೈಮುಗಿದರು.