ಕಂಬಳಿ ಜಮಖಾನೆಗಳ ಮುಗ್ಗಲು ವಾಸನೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳು ಬಯಲುಸೀಮೆಯೂ ಮಲೆನಾಡೂ ಸಂಧಿಸುವ ಪ್ರದೇಶ. ಶಿಕಾರಿಪುರದಿಂದ ಪಶ್ಚಿಮಾಭಿಮುಖವಾಗಿ ಹೊರಟು ಸೊರಬವನ್ನು ದಾಟಿ ಚಂದ್ರಗುತ್ತಿಯ ಕಡೆಗೆ ಸಾಗಿದಂತೆಲ್ಲಾ ಮಳೆಯೂ ಹೆಚ್ಚು, ಕಾಡೂ ದಟ್ಟ. ಆರಿದ್ರಾ ಮಳೆ ಹಿಡಿಯಿತೆಂದರೆ ಸೂರ್ಯದರ್ಶನವಿಲ್ಲದ ದಿನಗಳು ಒಂದರ ಹಿಂದೊಂದು ಬರುವುವು. ಆ ಕಾಲದಲ್ಲಿ ಅಲ್ಲಿಯ ಮನೆಗಳಿಗೆ ಅತಿಥಿಗಳಾಗಿ ಹೋದವರನ್ನು ಮೊದಲು ಎದುರುಗೊಳ್ಳುವುದು ಮನೆಯ ಯಜಮಾನರಲ್ಲ. ಜಗಲಿಯಲ್ಲಿ ಹಾಸಿರುವ ಕಂಬಳಿ ಜಮಖಾನೆಗಳ ಮುಗ್ಗಲು ವಾಸನೆ.

ಸೊರಬದ ಸೀಮೆಯ ಮಿತ್ರರೊಬ್ಬರ ಮನೆಯಲ್ಲಿ ನಾವು ಇಂತಹ ಮಳೆಗಾಲದ ಎರಡು ದಿನಗಳನ್ನು ಕಳೆದೆವು. “ಮೇಷ್ಟ್ರೇ, ಕೂತುಕೊಳ್ಳಿ ಎನ್ನುವುದಕ್ಕೇ ನಾಚಿಕೆಯಾಗುತ್ತದೆ” ಎಂದು ಮನೆಯ ಹಿರಿಯಮ್ಮನವರು ಸಂಕೋಚಪಟ್ಟು, ಸಂಜೆಯಾಗುತ್ತಲೇ ಸಾಂಬ್ರಾಣಿಯ ಹೊಗೆಯನ್ನು ಮನೆತುಂಬ ಹಾಕಿಸಿದರು. ವಾಸನೆಯೇನೋ ಸ್ವಲ್ಪ ಹೊತ್ತು ಮರೆಯಾಯಿತು. ಆದರೆ ಜಮಖಾನೆಯ ಮೇಲೆ ಮಲಗಿದ್ದ ಐದು ವರ್ಷದ ಮೊಮ್ಮಗನಿಗೆ ಉಬ್ಬಸದ ಬಾಧೆಯಿತ್ತು. ಆ ರಾತ್ರಿ ಅವನು ಕೆಮ್ಮಿ ಕೆಮ್ಮಿ ನಿದ್ರೆಯಿಲ್ಲದೆ ಎದ್ದು ಕುಳಿತನು. ಬೆಳಗ್ಗೆ ಜಮಖಾನೆಯನ್ನು ಎತ್ತಿ ನೋಡಿದರೆ ಗೋಡೆಯ ಬದಿಗೆ ಮೊಳದಗಲ ಬಿಳಿಯ ಬೂಷ್ಟು ಹಿಡಿದಿತ್ತು. ಮೇಲೆ ಒಂದು ಹೆಂಚು ಒಡೆದಿತ್ತು. ಗೋಡೆಯೊಳಗೆ ಇಳಿದ ನೀರು ನೆಲವನ್ನು ಸೇರಿ, ನೆಲದಿಂದ ಹಾಸಿಗೆಗೆ ಏರಿತ್ತು.

ಈ ಪ್ರಸಂಗದಿಂದ ತಿಳಿಯತಕ್ಕ ಸಂಗತಿ ಒಂದೇ. ದುರ್ವಾಸನೆಯು ರೋಗವಲ್ಲ, ರೋಗದ ಲಕ್ಷಣ. ಅದನ್ನು ಸುವಾಸನೆಯಿಂದ ಮುಚ್ಚಿದರೆ ಒಳಗಿನ ಕಾರಣವು ಬೆಳೆಯುತ್ತಲೇ ಹೋಗುವುದು. ಬೂಷ್ಟಿನ ಧೂಳೂ ಹೊಗೆಯೂ, ಉಬ್ಬಸವಿರುವವರ ಉಸಿರಾಟಕ್ಕೆ ಎರಡೂ ಶತ್ರುಗಳೇ.

ಹಾಗಾದರೆ ವಾಸನೆಗೆ ಕಾರಣವೇನು? ಗಾಳಿಯಲ್ಲಿರುವ ತೇವವನ್ನು ನೂಲು ಹೀರುವುದು. ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ ೬೫ರಷ್ಟಿರುವಾಗ ಹತ್ತಿಯು ತನ್ನ ಒಣತೂಕದಲ್ಲಿ ಸುಮಾರು ನೂರಕ್ಕೆ ೮ರಷ್ಟು ನೀರನ್ನು ಹಿಡಿದಿಟ್ಟುಕೊಂಡರೆ, ಉಣ್ಣೆಯು ಸುಮಾರು ೧೬ರಷ್ಟನ್ನು ಹಿಡಿಯುವುದು. ತೇವ ಇನ್ನೂ ಹೆಚ್ಚಿದಲ್ಲಿ ಉಣ್ಣೆಯು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ನೀರಾವಿಯನ್ನು ಹೀರಿಯೂ ಕೈಗೆ ಒದ್ದೆಯೆಂದು ತೋರುವುದಿಲ್ಲ. ಆದುದರಿಂದಲೇ “ಕಂಬಳಿ ಒಣಗಿದೆ” ಎಂಬ ನಮ್ಮ ಭಾವನೆ ಮಳೆಗಾಲದಲ್ಲಿ ಬಹುಮಟ್ಟಿಗೆ ಭ್ರಮೆ. ಆರ್ದ್ರತೆಯು ನೂರಕ್ಕೆ ೭೦ನ್ನು ಮೀರಿ ನಿಂತರೆ ಬೂಷ್ಟಿಗೆ ಅನುಕೂಲ. ಅದಕ್ಕೆ ಆಹಾರವೂ ಅಲ್ಲಿಯೇ ಉಂಟು: ಮೈಬೆವರು, ಚೆಲ್ಲಿದ ಹಾಲು, ಕಾಲಿನ ಮಣ್ಣು. ಬಯಲುಸೀಮೆಯ ನೇಕಾರರು ಕಂಬಳಿಯ ಹಾಸಿಗೆ ಹುಣಿಸೆಬೀಜದ ಗಂಜಿಯನ್ನು ಹಾಕುವರಷ್ಟೆ. ಆ ಗಂಜಿಯೂ ಬೂಷ್ಟಿಗೆ ಒಳ್ಳೆಯ ಮೇವು.

ಆದಕಾರಣ ಮೊದಲನೆಯ ಕೆಲಸ ತೇವದ ಮೂಲವನ್ನು ಹುಡುಕುವುದು. ಹೆಂಚು, ಗೋಡೆ, ನೆಲ ಇವುಗಳನ್ನು ಪರೀಕ್ಷಿಸಬೇಕು. ಹಾಸನ್ನು ಗೋಡೆಯಿಂದ ಒಂದು ಗೇಣು ದೂರವಿಟ್ಟು, ಅಡಿಯಲ್ಲಿ ಈಚಲು ಚಾಪೆಯನ್ನು ಹರಡಿ, ಪ್ರತಿದಿನವೂ ಬೆಳಗ್ಗೆ ಎತ್ತಿ ಗಳುವಿನ ಮೇಲೆ ಹಾಕಬೇಕು.

ಎರಡನೆಯದು, ಮಳೆ ಹಿಡಿದಿರುವಾಗ ಕಂಬಳಿಯನ್ನು ಒಗೆಯಬಾರದು. ಒಗೆದುದು ವಾರವಾದರೂ ಒಣಗದೆ ಮೊದಲಿಗಿಂತ ಹೆಚ್ಚು ನಾರುವುದು. ಬಚ್ಚಲೊಲೆಯ ಉರಿ ಆರಿ, ಹೊಗೆಯಿಲ್ಲದ ಕೆಂಡ ಮಾತ್ರ ಉಳಿದಾಗ, ಕಿಡಿ ತಗಲದಷ್ಟು ದೂರದಲ್ಲಿ ಕಂಬಳಿಯನ್ನು ತೂಗುಹಾಕಿ ಬಿಸಿಗಾಳಿ ತಾಗಿಸಬೇಕು. ಹೊಗೆ ಇರಬಾರದು, ಉಣ್ಣೆಯು ಹೊಗೆಯ ವಾಸನೆಯನ್ನು ಬಹುಕಾಲ ಬಿಡದು.

ಮಕ್ಕಳಿರುವ ಮನೆಯಲ್ಲಿ ಮೂತ್ರದ ವಾಸನೆಯು ಬೇರೊಂದು ಪ್ರಶ್ನೆ. ಮೂತ್ರದಲ್ಲಿರುವ ಯೂರಿಯಾವನ್ನು ಸೂಕ್ಷ್ಮಜೀವಿಗಳು ಒಡೆದಾಗ ಅಮೋನಿಯಾ ಹುಟ್ಟಿ ಮೂಗಿಗೆ ಚುಚ್ಚುವುದು. ಇದು ಕ್ಷಾರ, ಇದಕ್ಕೆ ಮದ್ದು ಆಮ್ಲ. ಒದ್ದೆಯನ್ನು ಒಣಬಟ್ಟೆಯಿಂದ ಉಜ್ಜದೆ ಒತ್ತಿ ತೆಗೆದು, ಒಂದು ಪಾಲು ಬಿಳಿಯ ವಿನಿಗರಿಗೆ ನಾಲ್ಕು ಪಾಲು ನೀರು ಬೆರೆಸಿ ಆ ಸ್ಥಳಕ್ಕಷ್ಟೇ ಹಚ್ಚಿ, ಮತ್ತೆ ಒತ್ತಿ ಒಣಗಿಸಬೇಕು. ಬಣ್ಣದ ಹಾಸಾದರೆ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸುವುದು ಲೇಸು. ಹಾಲು ಚೆಲ್ಲಿ ಹುಳಿತ ವಾಸನೆಗೆ ಇದರ ವಿಪರ್ಯಾಯ: ಕಲೆಯನ್ನು ತಣ್ಣೀರಿನಿಂದ ತೆಗೆದು ಒಣಗಿಸಿ, ಅಡಿಗೆಯ ಸೋಡಾಪುಡಿಯನ್ನು ಉದುರಿಸಿ, ರಾತ್ರಿಯೆಲ್ಲಾ ಬಿಟ್ಟು, ಬೆಳಗ್ಗೆ ಕೊಡವಿಬಿಡಬೇಕು.

ಬಿಸಿಲು ಬಂದಮೇಲೆ ಒಗೆಯುವಾಗ ನೂಲಿನ ಜಾತಿಯನ್ನು ನೋಡಬೇಕು. ನವಲಗುಂದದ ಜಮಖಾನೆಯಂತಹವು ಹತ್ತಿಯವು. ಹತ್ತಿಯು ಕ್ಷಾರವನ್ನು ಸಹಿಸುವುದರಿಂದ, ಬಣ್ಣ ಬಿಡದಿದ್ದಲ್ಲಿ, ಸಾಬೂನು ಸೋಡಾಗಳಿಗೆ ಅಡ್ಡಿಯಿಲ್ಲ. ಕಂಬಳಿಯಾದರೋ ನಮ್ಮ ಕೂದಲು ಉಗುರುಗಳಂತೆ ಕೆರಾಟಿನ್ ಎಂಬ ಪದಾರ್ಥದಿಂದ ಆದುದು. ಒಗೆಯುವ ಸೋಡಾ ಅದನ್ನು ಕ್ರಮೇಣ ತಿಂದುಹಾಕುವುದು. ಅದಕ್ಕೆ ನಮ್ಮ ಹಿರಿಯರ ಅಂಟುವಾಳಕಾಯಿಯೇ ಸರಿ. ಅದರ ನೊರೆಯಲ್ಲಿರುವ ಸ್ಯಾಪೊನಿನ್ ಎಂಬ ದ್ರವ್ಯವು ಕೊಳೆಯನ್ನು ಬಿಡಿಸುವುದು. ತೀಕ್ಷ್ಣವಾದ ಕ್ಷಾರಗುಣ ಅದಕ್ಕಿಲ್ಲ. ಉಗುರುಬೆಚ್ಚಗಿನ ನೀರು ಸಾಕು. ಕುದಿನೀರಿನಲ್ಲಿ ಅದ್ದಿ ಕುಕ್ಕಿದರೆ ಕಂಬಳಿ ಕುಗ್ಗಿ ಗಡುಸಾಗುವುದು. ಹಿಂಡದೆ, ನೀರು ಸೋರಿಸಿ ಹರಡಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಬಿಡಲಾಗದು. ವಾಸನೆ ಹೋಗಲೆಂದು ಬ್ಲೀಚಿಂಗ್ ಪುಡಿಯನ್ನು ಹಾಸುಗಳ ಮೇಲೆ ಎರಚುವವರುಂಟು. ಅದು ಉಣ್ಣೆಯನ್ನು ನಾಶಪಡಿಸುವುದು. ಅಷ್ಟೇ ಅಲ್ಲ, ಮೂತ್ರದ ಅಮೋನಿಯಾ ಅದರೊಡನೆ ಕೂಡಿದರೆ ವಿಷವಾಯುವೇಳುವುದು. ವಿನಿಗರು ಕೂಡಿದರೆ ಕ್ಲೋರಿನ್ ಹೊರಡುವುದು. ೧೯೧೫ನೆಯ ಇಸವಿ ಏಪ್ರಿಲ್ ೨೨ರಂದು ಬೆಲ್ಜಿಯಂ ದೇಶದ ಈಪ್ರ್ ನಗರದ ಬಳಿ ಜರ್ಮನ್ ಸೇನೆಯು ಶತ್ರುಗಳ ಮೇಲೆ ಬಿಟ್ಟದ್ದು ಈ ವಾಯುವನ್ನೇ. ಮಗು ಮಲಗುವ ಕೋಣೆಯಲ್ಲಿ ಅದಕ್ಕೆ ಎಡೆಗೊಡಬಾರದು.

ಶುಚಿಯಾದ ಕಂಬಳಿಯನ್ನು ಚೆನ್ನಾಗಿ ಒಣಗಿಸಿ, ಪೆಟ್ಟಿಗೆಯಲ್ಲಿ ಇದ್ದಿಲಿನ ಚೂರುಗಳ ಸಣ್ಣ ಗಂಟಿನೊಡನೆ ಇಡಬಹುದು. ಇದ್ದಿಲಿನ ಅಸಂಖ್ಯಾತ ಸೂಕ್ಷ್ಮರಂಧ್ರಗಳು ವಾಸನೆಯ ಕಣಗಳನ್ನು ಹಿಡಿದುಕೊಳ್ಳುವುವು.

ನಮ್ಮ ಮಿತ್ರರು ಆ ದಿನವೇ ಹೆಂಚನ್ನು ಬದಲಿಸಿದರು. ಮಗುವಿನ ಹಾಸಿಗೆ ಮಂಚದ ಮೇಲೇರಿತು. ಉಬ್ಬಸಕ್ಕೆ ವೈದ್ಯರ ಚಿಕಿತ್ಸೆಯೂ ನಡೆಯಿತು. ಅದನ್ನು ಕಂಬಳಿಯ ಆರೈಕೆಯೊಂದರಿಂದ ಗುಣಪಡಿಸಲಾಗದಷ್ಟೆ. ದಸರೆಯ ರಜೆಯಲ್ಲಿ ನಾವು ಪುನಃ ಹೋದಾಗ ಹಿರಿಯಮ್ಮನವರು ಅದೇ ಜಮಖಾನೆಯನ್ನು ಹಾಸಿ, ಈ ಸಲ ಯಾವ ಸಂಕೋಚವೂ ಇಲ್ಲದೆ, “ಕೂತುಕೊಳ್ಳಿ ಮೇಷ್ಟ್ರೇ” ಎಂದರು. ಸಾಂಬ್ರಾಣಿಯನ್ನು ದೇವರ ಮನೆಗೆ ಮಾತ್ರ ಮೀಸಲಿಟ್ಟಿದ್ದರು.