ತಲೆಕೆಳಗಾದರೂ ಬೀಳದ ಬಂಡಿ

ಬಹುಪಾಲು ರೋಲರ್ ಕೋಸ್ಟರ್ ಬಂಡಿಗಳಿಗೆ ಎಂಜಿನ್ನೇ ಇರುವುದಿಲ್ಲ ಎಂದರೆ ನಿಮಗೆ ಅಚ್ಚರಿಯಾದೀತು. ಸರಪಳಿಯೊಂದು ಬಂಡಿಯನ್ನು ಮೊದಲ ಏರಿನ ನೆತ್ತಿಗೆ ಎಳೆದು ಬಿಡುತ್ತದೆ, ಅಷ್ಟೆ. ಅಲ್ಲಿ ಗಳಿಸಿದ ಪ್ರಚ್ಛನ್ನ ಶಕ್ತಿ ಇಳಿಜಾರಿನಲ್ಲಿ ಚಲನಶಕ್ತಿಯಾಗುತ್ತದೆ. ಘರ್ಷಣೆ ಒಂದು ಪಾಲನ್ನು ನುಂಗುವುದರಿಂದ ಮುಂದಿನ ಏರುಗಳು ಮೊದಲನೆಯದಕ್ಕಿಂತ ತಗ್ಗಾಗಿರಬೇಕು.

1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಓಡಿಸಿದ ಬಂಡಿಯ ವೇಗ ಗಂಟೆಗೆ ಸುಮಾರು 10 ಕಿ.ಮೀ. ನಮ್ಮ ಜಟಕಾದ ಓಟವೂ ಹೆಚ್ಚುಕಡಿಮೆ ಅಷ್ಟೇ! 1895ರಲ್ಲಿ ಅಲ್ಲಿಯೇ ಬಂದ ‘ಫ್ಲಿಪ್ ಫ್ಲಾಪ್’ ಸವಾರರನ್ನು ತಲೆಕೆಳಗು ಮಾಡಿತು. ನೀರು ತುಂಬಿದ ಬಕೆಟ್ಟನ್ನು ರಭಸದಿಂದ ಸುತ್ತಿಸಿದರೆ ನೀರು ಚೆಲ್ಲುವುದಿಲ್ಲವಷ್ಟೆ? ಸಾಕಷ್ಟು ವೇಗವಿದ್ದರೆ ಬಂಡಿಯೂ ಹಾಗೆಯೇ ಬೀಳದು. ತೊಂದರೆಯಾದದ್ದು ಸವಾರರ ಕುತ್ತಿಗೆಗೆ. ಆ ಸುರುಳಿ ವೃತ್ತಾಕಾರದ್ದಾಗಿತ್ತು. ಲೆಕ್ಕ ಹಾಕಿ ನೋಡಿ: ಘರ್ಷಣೆಯನ್ನು ಬಿಟ್ಟರೂ, ವೃತ್ತದ ನೆತ್ತಿಯನ್ನು ಹೇಗೋ ದಾಟುವಷ್ಟು ವೇಗ ಬೇಕೆಂದರೆ ತಳದಲ್ಲಿ ಸವಾರನಿಗೆ ತನ್ನ ತೂಕ ಆರು ಪಟ್ಟಾದಂತೆ ಅನಿಸುತ್ತದೆ. 50 ಕೆ.ಜಿ. ಹುಡುಗ 300 ಕೆ.ಜಿ. ಆದಂತೆ!

ವೇಗ ಹೆಚ್ಚಿದಷ್ಟೂ, ತ್ರಿಜ್ಯ ಕಿರಿದಾದಷ್ಟೂ ಈ ಒತ್ತಡ ಹೆಚ್ಚು. ಆದ್ದರಿಂದ ಬಂಡಿ ಧಾವಿಸುವ ತಳದಲ್ಲಿ ತ್ರಿಜ್ಯ ದೊಡ್ಡದಿರಬೇಕು, ವೇಗ ಕುಂದುವ ನೆತ್ತಿಯಲ್ಲಿ ಚಿಕ್ಕದು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ ಆರಂಭವಾದ ‘ರೆವಲ್ಯೂಷನ್’ಗೆ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ರೂಪಿಸಿದ ಸುರುಳಿ ಇಂಥದು; ನೋಡಲು ಬುಡಮೇಲಾದ ನೀರಹನಿ. ಈ ರೇಖೆಗೆ ಕ್ಲೋಥಾಯ್ಡ್ ಎಂದು ಹೆಸರು. ನೇರ ರೈಲುಹಳಿ ಮೆಲ್ಲಗೆ ತಿರುವಿಗೆ ಹೊರಳುವ ಜಾಗದಲ್ಲೂ ಇಂಥದೇ ರೇಖೆ ಇರುತ್ತದೆ.