ದಿಂಬಂ ಇಳಿಯುವ ಗಾಡಿಗೆ ಎಂಥ ಟೈರು?

ತಾಳವಾಡಿಯಿಂದ ಚಾಮರಾಜನಗರಕ್ಕೆ ಹೋಗುವವರಿಗೆ ಘಾಟಿಯ ಚಿಂತೆಯಿಲ್ಲ. ತಮ್ಮದೇ ಜಿಲ್ಲಾ ಕೇಂದ್ರ ಈರೋಡಿಗೋ ಸತ್ಯಮಂಗಲದ ಪೇಟೆಗೋ ಹೋಗಬೇಕಾದರೆ ಮಾತ್ರ ದಿಂಬಂನ 27 ಬಿಗಿ ತಿರುವುಗಳನ್ನು ಇಳಿದು ಬಣ್ಣಾರಿ ಮುಟ್ಟಲೇಬೇಕು. ಹೊಲದ ದಾರಿಯ ಕೆಸರು, ಕಾಡಂಚಿನ ಜಲ್ಲಿ, ಲಾರಿಗಳ ಆಯಿಲ್ ತೊಟ್ಟಿಕ್ಕಿದ ಘಾಟಿಯ ಡಾಂಬರು, ಈ ಮೂರನ್ನೂ ಒಂದೇ ದಿನದಲ್ಲಿ ತುಳಿಯಬೇಕಾದ ಊರಿದು. ಜಿಪ್ಸಿ, ಜಿಮ್ನಿ, ಥಾರ್‌ನಂಥ ಪುಟ್ಟ ಫೋರ್‌ವೀಲ್ ಗಾಡಿಗಳು ಇಂಥ ನೆಲಕ್ಕೆ ಹೇಳಿ ಮಾಡಿಸಿದವು. ಆದರೆ ಹಳೇ ಟೈರು ಸವೆದು ಹೊಸದನ್ನು ಕೊಳ್ಳುವ ಹೊತ್ತಿಗೆ ಬಹಳ ಜನರ ಕಣ್ಣು ಹೋಗುವುದು ದಪ್ಪ ಬಟನ್ನಿನ, ಅಗಲವಾದ ಮಡ್ ಟೆರೇನ್ ಟೈರಿನ ಕಡೆಗೆ. ಗಾಡಿ ಎಲ್ಲಿ ಹೂತುಹೋದೀತು ಎಂಬ ಭಯದಿಂದ ಆ ಆಯ್ಕೆ ಹುಟ್ಟುತ್ತದೆ. ಗಾಡಿ ಎಲ್ಲಿ ತಟ್ಟನೆ ನಿಲ್ಲಬೇಕಾದೀತು ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಂಡರೆ ಬೇರೆಯೇ ಟೈರು ಸಿಗುತ್ತದೆ ಎಂಬುದು ನನ್ನ ವಾದ.

ಈ ಗಾಡಿಗಳ ಫೋರ್‌ವೀಲ್ ವ್ಯವಸ್ಥೆ ಸದಾ ಕೆಲಸ ಮಾಡುವಂಥದ್ದಲ್ಲ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ ಫೋರ್‌ವೀಲ್ ಹಾಕಿದಾಗ ಎರಡೂ ಅಚ್ಚುಗಳು ಒಂದೇ ವೇಗದಲ್ಲಿ ಸುತ್ತಬೇಕು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸುತ್ತವೆ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಆ ವ್ಯತ್ಯಾಸ ಸರಿದೂಗುತ್ತದೆ; ಗಟ್ಟಿ ಡಾಂಬರಿನಲ್ಲಿ ಜಾರಲಾಗದೆ ಗೇರಿನ ಹಲ್ಲುಗಳ ಮೇಲೆ ಒತ್ತಡ ಕೂರುತ್ತದೆ. ಹಾಗಾಗಿ ಒಣಗಿದ ದಿಂಬಂ ರಸ್ತೆಯಲ್ಲಿ ಇವು ಬರಿಯ ಹಿಂಚಕ್ರ ಚಾಲನೆಯ ಗಾಡಿಗಳು. ಮಳೆಯಲ್ಲಿ ಫೋರ್‌ವೀಲ್ ಹಾಕಿಕೊಂಡರೂ ಅದು ಗಾಡಿಯನ್ನು ಮುಂದೆ ಎಳೆಯಲು ನೆರವಾಗುತ್ತದೆಯೇ ಹೊರತು ಬ್ರೇಕ್ ಒತ್ತಿದಾಗ ಬೇಗ ನಿಲ್ಲಿಸುವುದಿಲ್ಲ. ನಿಲ್ಲಿಸುವ ಕೆಲಸ ರಸ್ತೆಗೆ ತಾಗಿರುವ ಅಂಗೈಯಗಲದ ನಾಲ್ಕು ರಬ್ಬರ್ ತುಂಡುಗಳದ್ದು. ಈ ಘಾಟಿಯಿರುವ ಸತ್ಯಮಂಗಲ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ವಾಹನಕ್ಕೆ ಸಿಕ್ಕಿ ಪ್ರಾಣಿಗಳು ಸಾಯುವುದನ್ನು ತಡೆಯಲು ಈ ಘಾಟಿಯ ರಾತ್ರಿ ಸಂಚಾರ ನಿರ್ಬಂಧವನ್ನು ಜಾರಿಗೊಳಿಸುವಂತೆ ಮದ್ರಾಸ್ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಆದೇಶಿಸಿತು. ಆಸನೂರಿನ ಆಸುಪಾಸಿನಲ್ಲಿ ಆನೆಗಳು ಕಬ್ಬಿನ ಲಾರಿಗೆ ಅಡ್ಡ ನಿಲ್ಲುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ತಿರುವು ಕಳೆದೊಡನೆ ಎದುರಿಗೆ ಜಿಂಕೆಯೋ ಆನೆಯೋ ಇರಬಹುದಾದ ರಸ್ತೆಯಲ್ಲಿ ನಿಲ್ಲುವ ದೂರ ಎರಡು ಮೀಟರ್ ಕಡಿಮೆಯಾದರೂ ಅದು ಜೀವದ ಲೆಕ್ಕ.

ಮಡ್ ಟೆರೇನ್ ಟೈರು ಸೋಲುವುದು ಇಲ್ಲೇ. ಅದರ ಗುಬುಟುಗಳ ನಡುವಿನ ಅಗಲವಾದ ಸಂದು ಮಣ್ಣನ್ನು ಕೊಡವಲೆಂದು ಇರುವುದು. ಸಂದು ಹೆಚ್ಚಿದಷ್ಟೂ ರಸ್ತೆಗೆ ತಾಗುವ ರಬ್ಬರ್ ಕಡಿಮೆ. ಎತ್ತರದ ಗುಬುಟುಗಳು ಬ್ರೇಕಿನ ಒತ್ತಡಕ್ಕೆ ಬಾಗುತ್ತವೆ. ನೀರಿನ ತೆಳು ಪದರವನ್ನು ಒಡೆಯುವ ಸಣ್ಣ ಸೀಳುಗಳು ಅವುಗಳಲ್ಲಿ ವಿರಳ. ಉತ್ತ ಹೊಲದಲ್ಲಿ ಟ್ರ್ಯಾಕ್ಟರ್ ಟೈರಿಗೆ ಸಮವಿಲ್ಲ, ಅದೇ ಟೈರು ಒದ್ದೆ ಡಾಂಬರಿನಲ್ಲಿ ಹೇಗೆ ಜಾರುತ್ತದೆ ಎಂಬುದನ್ನು ರೈತರು ಬಲ್ಲರು. ಬೇಸಿಗೆಯ ಧೂಳು, ಎಣ್ಣೆ ಎಲ್ಲ ಸೇರಿ ಮೊದಲ ಮಳೆಗೆ ನುಣುಪಾಗುವ ಘಾಟಿಯಲ್ಲಿ ಆಲ್ ಟೆರೇನ್ ಟೈರು, ಅದರಲ್ಲೂ ಬಟನ್ ಒತ್ತಾಗಿರುವ, ಸೀಳುಗಳು ಹೆಚ್ಚಿರುವ ಸೌಮ್ಯ ಬಗೆಯದು, ಮೇಲು. ಅದು ಸದ್ದನ್ನೂ ಕಡಿಮೆ ಮಾಡುತ್ತದೆ. ಕಾಡಿನೊಳಗಿನ ರಸ್ತೆಯಲ್ಲಿ ಟೈರು ಗುಂಯ್‌ಗುಡುತ್ತಾ ಹೋಗುವುದು ನನಗಂತೂ ಸಣ್ಣ ದೋಷವಾಗಿ ಕಾಣುವುದಿಲ್ಲ.

ಅಳತೆಯ ವಿಷಯದಲ್ಲಿ ಲೆಕ್ಕ ಹಾಕಿಯೇ ನೋಡಬೇಕು. ಜಿಮ್ನಿಗೆ ಕಂಪನಿ ಕೊಡುವುದು 195/80 ಆರ್15. ಅಗಲ 195 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ಶೇ 80, ಎಂದರೆ 156. ರಿಮ್ಮಿನ 15 ಇಂಚು ಸೇರಿಸಿದರೆ ಒಟ್ಟು ಎತ್ತರ 693 ಮಿಲಿಮೀಟರ್. ದೊಡ್ಡದು ಬೇಕೆಂದು 235/75 ಹಾಕಿಸಿದರೆ ಎತ್ತರ ಸುಮಾರು 733 ಆಗುತ್ತದೆ. ಹೆಚ್ಚಿದ 40 ಮಿಲಿಮೀಟರ್‌ನಲ್ಲಿ ಗಾಡಿಯ ಹೊಟ್ಟೆ ಮೇಲೇಳುವುದು ಅರ್ಧ ಮಾತ್ರ, 20 ಮಿಲಿಮೀಟರ್. ಅದಕ್ಕೆ ತೆರುವ ಬೆಲೆ ಏನು? ಚಕ್ರದ ಪ್ರತಿ ಸುತ್ತಿಗೂ ಗಾಡಿ ಸುಮಾರು ಶೇ 6ರಷ್ಟು ಹೆಚ್ಚು ದೂರ ಹೋಗುತ್ತದೆ. ಸ್ಪೀಡೋಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎರಡನೇ ಗೇರಿನಲ್ಲಿ ಘಾಟಿ ಇಳಿಯುವಾಗ ಎಂಜಿನ್ ಹಿಡಿದಿಡುವ ಬಲ ಅಷ್ಟೇ ತಗ್ಗಿ, ಆ ಭಾರ ಬ್ರೇಕಿನ ಮೇಲೆ ಬೀಳುತ್ತದೆ. 1.5 ಲೀಟರ್ ಎಂಜಿನ್ನಿಗೆ ಹತ್ತುವಾಗಲೂ ಅದು ಹೊರೆಯೇ. ಕಂಪನಿ ಒಪ್ಪದ ಅಳತೆಯಾದರೆ ಕಾನೂನಿನ ತಕರಾರೂ, ಅಪಘಾತವಾದರೆ ವಿಮೆಯ ತಕರಾರೂ ಎದ್ದೀತು. ಮೂಲ ಅಳತೆಯಲ್ಲೇ ಉಳಿಯುವುದು ಜಾಣತನ.

ಅಳತೆಯ ಪಕ್ಕದಲ್ಲಿ ಬರೆದ ‘96ಎಸ್’ ಎಂಬುದಕ್ಕೂ ಅರ್ಥವಿದೆ: ಒಂದು ಟೈರು 710 ಕಿಲೋ ಹೊರಬಲ್ಲದು, 180 ಕಿಲೋಮೀಟರ್ ವೇಗ ತಾಳಬಲ್ಲದು. ನಾಲ್ಕೂ ಸೇರಿ 2,840 ಕಿಲೋ. ತುಂಬಿದ ಜಿಮ್ನಿಯ ತೂಕ ಅದಕ್ಕಿಂತ ಎಷ್ಟೋ ಕಡಿಮೆ. ಕಲ್ಲಿಗೆ ಪಕ್ಕ ಸೀಳಬಾರದೆಂದು ‘ಹತ್ತು ಪ್ಲೈ’ ಟೈರು ಕೇಳುವವರಿಗೆ ಇದೇ ಉತ್ತರ. ಭಾರದ ಗಾಡಿಗೆಂದು ಮಾಡಿದ ಗಡುಸು ಟೈರು ಹಗುರ ಗಾಡಿಯಡಿ ಬಾಗದೆ, ನೆಲವನ್ನು ತಬ್ಬದೆ ಪುಟಿಯುತ್ತದೆ. ಇನ್ನು ಕೆಲವು ಆಲ್ ಟೆರೇನ್ ಟೈರುಗಳ ಮೇಲೆ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವು ಇರುವ ಗುರುತು ಕಾಣುತ್ತದೆ. ಅದು ಹಿಮ ಬೀಳುವ ದೇಶಕ್ಕೆ. ಅದಕ್ಕೆಂದು ಇಲ್ಲಿ ಹೆಚ್ಚು ಹಣ ಕೊಡಬೇಕಾಗಿಲ್ಲ.

‘ಮಳೆಗಾಲದಲ್ಲಿ ಹೊಲಕ್ಕೆ ಹೋಗಿ ನೋಡಿ, ಆಮೇಲೆ ಮಾತಾಡಿ’ ಎಂಬ ಆಕ್ಷೇಪ ಬಲವಾದದ್ದು. ಅಂಟುಮಣ್ಣು ಒತ್ತಾದ ಬಟನ್ನಿನಲ್ಲಿ ಮೆತ್ತಿಕೊಂಡರೆ ಟೈರು ನುಣ್ಣನೆಯ ಉರುಳೆಯಾಗುವುದು ನಿಜ. ಆದರೆ ತೆಳು ಕೆಸರಿನಡಿ ಗಟ್ಟಿ ನೆಲವಿರುವ ದಾರಿಯಲ್ಲಿ ಕಿರಿದಾದ ಟೈರೇ ಕೆಸರನ್ನು ಸೀಳಿ ತಳ ಮುಟ್ಟುತ್ತದೆ. ಅಗಲದ್ದು ಮೇಲೇ ತೇಲುತ್ತದೆ. ನೆಲ ಮೆತ್ತಗಿದ್ದರೆ ಗಾಳಿಯನ್ನು 18–20 ಪಿಎಸ್ಐಗೆ ಇಳಿಸಿ ನಿಧಾನ ಹೋದರೆ ಟೈರಿನ ಹೆಜ್ಜೆ ಉದ್ದವಾಗಿ ಹಿಡಿತ ಸಿಗುತ್ತದೆ. ಡಾಂಬರು ಮುಟ್ಟುವ ಮುನ್ನ ಮತ್ತೆ ತುಂಬಿಸಲೇಬೇಕು. ಅದಕ್ಕೊಂದು ಸಣ್ಣ ಕಂಪ್ರೆಸರ್ ಗಾಡಿಯಲ್ಲಿದ್ದರೆ ಸಾಕು. ಹೊಲಕ್ಕೆಂದು ಟೈರನ್ನೇ ಬದಲಿಸುವ ಬದಲು ಗಾಳಿಯನ್ನು ಬದಲಿಸಬಹುದು. ಘಾಟಿಯಲ್ಲಿ ಮಡ್ ಟೆರೇನ್ ಟೈರಿನ ಕೊರತೆಗೆ ಅಂಥ ಉಪಾಯವಿಲ್ಲ. ಡಾಂಬರೇ ಇಲ್ಲದ ಕಾಡಿನ ಹಾಡಿಗೆ ದಿನವೂ ಅಕ್ಕಿ, ಔಷಧ ಹೊತ್ತು ಹೋಗುವ, ಘಾಟಿಗೆ ಅಪರೂಪಕ್ಕೆ ಇಳಿಯುವ ಜೀಪಿನ ಮಾತು ಬೇರೆ. ಅದಕ್ಕೆ ಮಡ್ ಟೆರೇನ್ ಟೈರೇ ಸರಿ. ಹೊಲದ ಹತ್ತಿರವೇ ಹೋಗದ, ಚಾಮರಾಜನಗರದ ರಸ್ತೆಯಲ್ಲೇ ಓಡುವ ಗಾಡಿಗೆ ಹೈವೇ ಟೈರು ಧಾರಾಳವಾಗಿ ಸಾಕು.

ಕೊಳ್ಳುವಾಗ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕಂಕಿಯನ್ನು ಓದಿ. 2325 ಎಂದಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡುವ ಗಾಡಿಗಳಲ್ಲಿ ಬಟನ್ ಸವೆಯುವ ಮೊದಲೇ ಬಿಸಿಲಿಗೆ ರಬ್ಬರ್ ಗಡುಸಾಗುತ್ತದೆ, ಆದ್ದರಿಂದ ಅಂಗಡಿಯಲ್ಲಿ ವರ್ಷಗಟ್ಟಲೆ ಕೂತದ್ದು ಬೇಡ. ಕಾನೂನು 1.6 ಮಿಲಿಮೀಟರ್ ಬಟನ್ನಿನವರೆಗೆ ಬಿಡುತ್ತದೆ. ಘಾಟಿ ಇಳಿಯುವವರು 3ಕ್ಕೇ ಬದಲಿಸಬೇಕು. ಗಾಳಿ ಎಷ್ಟೆಂದು ಬಾಗಿಲ ಚೌಕಟ್ಟಿನ ಚೀಟಿ ಹೇಳುತ್ತದೆ, ಅದನ್ನು ಟೈರು ತಣ್ಣಗಿರುವಾಗ ಅಳೆಯಬೇಕು. ಫೋರ್‌ವೀಲ್ ಗಾಡಿಯಲ್ಲಿ ಎರಡು ಹೊಸದು, ಎರಡು ಹಳೆಯದು ಹಾಕಿದರೆ ಸುತ್ತಳತೆ ಬೇರೆಯಾಗಿ ಗೇರುಗಳಿಗೆ ಪೆಟ್ಟು. ಹಿಂಬಾಗಿಲಲ್ಲಿ ತೂಗುವ ಸ್ಟೆಪ್ನಿಯೂ ಅದೇ ಅಳತೆಯದ್ದಾದರೆ ಅದನ್ನೂ ಸರದಿಯಲ್ಲಿ ಸೇರಿಸಿ, ಸುಮಾರು 8,000 ಕಿಲೋಮೀಟರಿಗೊಮ್ಮೆ ಐದನ್ನೂ ಜಾಗ ಬದಲಿಸುತ್ತಿದ್ದರೆ ಐದೂ ಒಂದೇ ಸಮ ಸವೆಯುತ್ತವೆ.